ಹಿಂದಿನ ಕಿಟಕಿಯ ಲೆಕ್ಕ

ಪುಣೆಯಲ್ಲಿ ಇಬ್ಬರು ಕನ್ನಡಿಗರು ಸೇರಿದರೆ ಮಾತು ಮನೆ ಬಾಡಿಗೆಯಿಂದ ಶುರುವಾಗಿ ಗಾಡಿಗೆ ಬಂದು ನಿಲ್ಲುತ್ತದೆ. ಯಾವ ಗಾಡಿ, ಎಷ್ಟು ಮೈಲೇಜು, ಕೆಎ ನಂಬರ್ ಇಟ್ಟುಕೊಂಡೇ ಓಡಿಸುತ್ತಿದ್ದೀರಾ ಅಥವಾ ಬದಲಾಯಿಸಿದಿರಾ ಎಂಬ ವಿಚಾರಣೆ. ನನ್ನ ಸರದಿ ಬಂದಾಗ ಮಾತ್ರ ಎಲ್ಲರೂ ಒಮ್ಮೆ ನಗುತ್ತಾರೆ. ಹಿಂಜೆವಾಡಿಯ ಐಟಿ ಪಾರ್ಕಿಗೆ ಹೋಗುವ ಎಸ್‌ಯುವಿ ಸಾಲಿನಲ್ಲಿ ನನ್ನದು 2004ರ ಮಾರುತಿ ಜಿಪ್ಸಿ, ಅದೂ ಬಟ್ಟೆಯ ಟಾಪಿನದು. ಮೂಡಿಗೆರೆಯ ತೋಟದಲ್ಲಿ ಅಪ್ಪ ಹದಿನೆಂಟು ವರ್ಷ ಓಡಿಸಿ, ಕಣ್ಣಿನ ಆಪರೇಷನ್ ಆದ ಮೇಲೆ ‘ಇನ್ನು ನನಗೆ ಬೇಡ, ನೀನೇ ಇಟ್ಟುಕೋ ಮಾರಾಯ’ ಎಂದು ಕೀಲಿ ಕೊಟ್ಟ ಗಾಡಿ.

ಈ ವರ್ಷ ಆ ಗಾಡಿಯ ಹಿಂದಿನ ಕಿಟಕಿ ನನಗೆ ಒಂದು ಲೆಕ್ಕದ ಪುಸ್ತಕವನ್ನೇ ತೆರೆಸಿತು. ಕಿಟಕಿ ಎಂದರೆ ಗಾಜಿನದಲ್ಲ. ಸುಮಾರು 90 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ, ಕ್ಯಾನ್ವಾಸಿಗೆ ಹೊಲಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಒಂದು ಕಾಲಕ್ಕೆ ಪಾರದರ್ಶಕವಾಗಿತ್ತು ಎನ್ನಬೇಕು. ಈಗ ಅದು ಹಳೆಯ ಔಷಧಿ ಬಾಟಲಿಯ ಬಣ್ಣಕ್ಕೆ ತಿರುಗಿತ್ತು. ಹಿಂದೆ ಬರುವ ಲಾರಿ ಒಂದು ಕಂದು ಮೋಡದಂತೆ ಕಾಣುತ್ತಿತ್ತು. ರಾತ್ರಿ ಹೊತ್ತು ಹೆಡ್‌ಲೈಟ್ ಬಿದ್ದರೆ ಇಡೀ ಹಾಳೆ ಬೆಳಗಿ ಏನೂ ಕಾಣುತ್ತಿರಲಿಲ್ಲ.

ಇದನ್ನು ಹಾಗೆಯೇ ಬಿಡುವಂತಿರಲಿಲ್ಲ. ನಮ್ಮ ಸೊಸೈಟಿಯಲ್ಲಿ ಸಂಜೆ ಆರಕ್ಕೆ ನಾನು ಗಾಡಿ ರಿವರ್ಸ್ ತೆಗೆದುಕೊಳ್ಳುವ ಜಾಗದಲ್ಲೇ ಹತ್ತು ಹನ್ನೆರಡು ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅವರಲ್ಲಿ ನಾಲ್ಕು ವರ್ಷದ ನನ್ನ ಮಗಳೂ ಇರುತ್ತಾಳೆ. ‘ಒಂದೋ ಇದನ್ನು ಸರಿ ಮಾಡಿಸು, ಇಲ್ಲವಾದರೆ ಮಾರು’ ಎಂದಳು ಹೆಂಡತಿ. ಅದರಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ.

ಹಾಳೆ ಹಳದಿಯಾಗುವುದು ಏಕೆ?

ಇಂಥ ಕಿಟಕಿಗಳನ್ನು ಮಾಡುವುದು ಪಿವಿಸಿಯಿಂದ. ಮನೆಯ ನೀರಿನ ಪೈಪೂ ಅದೇ ವಸ್ತು. ಪೈಪ್ ಗಟ್ಟಿ, ಹಾಳೆ ಮೆತ್ತಗೆ. ಮೆತ್ತಗಾಗಲು ಅದಕ್ಕೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಶಾಖ ಸೇರಿ ಪಿವಿಸಿಯ ಅಣುಸರಪಳಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಕಿತ್ತು ಹೊರಹಾಕುತ್ತವೆ. ಉಳಿದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಜೋಡಿಬಂಧಗಳು ಸಾಲಾಗಿ ನಿಲ್ಲುತ್ತವೆ. ಈ ಸಾಲು ಉದ್ದವಾದಷ್ಟೂ ಅದು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ನೀಲಿ ಹೋದ ಮೇಲೆ ಕಣ್ಣಿಗೆ ಉಳಿಯುವುದು ಹಳದಿ, ಆಮೇಲೆ ಕಂದು.

ಜತೆಗೆ ಪ್ಲಾಸ್ಟಿಸೈಸರ್ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಹೊರಬಂದು ಆವಿಯಾಗುತ್ತದೆ. ಹೊಸ ಗಾಡಿಯ ಕಿಟಕಿ ಮುಟ್ಟಿದರೆ ಅಂಟಂಟಾಗಿರುವುದು, ಹಳೆಯದು ಒಣ ಹಪ್ಪಳದಂತೆ ಚಟ್ ಎನ್ನುವುದು ಇದರಿಂದಲೇ. ಚಳಿಗಾಲದ ಬೆಳಗ್ಗೆ ಅದನ್ನು ಮಡಚಿದರೆ ಮಡಚಿದಲ್ಲೇ ಬಿರುಕು. ಮೂರನೆಯದು ಧೂಳು. ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು, ಧೂಳಿನ ಕಣಗಳು ಮರಳು ಕಾಗದದ ಕೆಲಸ ಮಾಡುತ್ತವೆ.

ಅಂದರೆ ಕಾಯಿಲೆ ಒಂದಲ್ಲ, ಮೂರು: ಒಳಗಿನ ಹಳದಿ, ಮೇಲಿನ ಗೀರು, ಒಟ್ಟಾರೆ ಬಿರುಸು. ಯಾವ ಮದ್ದು ಯಾವುದಕ್ಕೆ ಎಂದು ತಿಳಿಯದೆ ದುಡ್ಡು ಸುರಿದು ಪ್ರಯೋಜನವಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಪಾಲಿಶ್ ಗೀರಿಗೆ ಮಾತ್ರ ಮದ್ದು. ಮೈಯೊಳಗೆ ಇಳಿದ ಹಳದಿಯನ್ನು ಅದು ಮುಟ್ಟಲಾರದು.

ಎಷ್ಟು ಕಾಣುತ್ತಿದೆ ಎಂದು ಅಳೆದೆ

ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ, ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ 70 ಶೇಕಡಾ, ಪಕ್ಕದ ಗಾಜಿನ ಮೂಲಕ ಕನಿಷ್ಠ 50 ಶೇಕಡಾ ಬೆಳಕು ಹಾಯಬೇಕು ಎನ್ನುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿದ್ದೂ ಇದೇ ನಿಯಮದ ಆಧಾರದ ಮೇಲೆ. ಅಲ್ಲಿ ಹೇಳಿರುವುದು ಗಾಜಿನ ಮಾತು. ಆದರೂ ಅಳತೆಗೋಲಾಗಿ ಇದು ಒಳ್ಳೆಯದು.

ಫೋನಿನ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು ಒಂದು ಭಾನುವಾರ ಮಧ್ಯಾಹ್ನ ಅಳೆದೆ. ಬಯಲಲ್ಲಿ 40,000 ಲಕ್ಸ್. ಹಾಳೆಯ ಹಿಂದೆ 25,000. ಅಂದರೆ ಸುಮಾರು 62 ಶೇಕಡಾ. ಅಂಗಡಿಯಿಂದ ತಂದ ಹೊಸ ಹಾಳೆಯ ತುಂಡಿನ ಹಿಂದೆ 35,000, ಅಂದರೆ ಹತ್ತಿರ ಹತ್ತಿರ 87 ಶೇಕಡಾ. ಫೋನಿನ ಅಳತೆ ಪ್ರಯೋಗಾಲಯದ್ದಲ್ಲ, ಆದರೆ ಎರಡನ್ನೂ ಅದೇ ಫೋನಿನಲ್ಲಿ, ಅದೇ ಬಿಸಿಲಿನಲ್ಲಿ ಅಳೆದರೆ ಹೋಲಿಕೆಗೆ ಅಡ್ಡಿಯಿಲ್ಲ.

ಆದರೆ ಬೆಳಕು ಹಾಯುವುದು ಬೇರೆ, ಚಿತ್ರ ಕಾಣುವುದು ಬೇರೆ. ಬೆಣ್ಣೆ ಕಾಗದದ ಮೂಲಕವೂ ಬೆಳಕು ಧಾರಾಳವಾಗಿ ಬರುತ್ತದೆ, ಆಚೆ ಇರುವ ಮುಖ ಮಾತ್ರ ಕಾಣುವುದಿಲ್ಲ. ಗೀರುಗಳು ಬೆಳಕನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಚದುರಿಸುತ್ತವೆ. ನನ್ನ ಹಾಳೆಯ ನಿಜವಾದ ತೊಂದರೆ ಅದೇ ಆಗಿತ್ತು. ಆದ್ದರಿಂದ 62 ಎಂಬ ಸಂಖ್ಯೆ ಕೂಡ ಗಾಡಿಯ ಪರವಾಗಿ ಸ್ವಲ್ಪ ಉದಾರವಾದದ್ದೇ.

ಅಂಗಡಿಯ ಬೆಲೆಪಟ್ಟಿ

ಪುಣೆಯ ನಾನಾ ಪೇಠ್ ಗಾಡಿ ಬಿಡಿಭಾಗಗಳಿಗೆ ಹೆಸರಾದ ಜಾಗ. ಅಲ್ಲಿನ ಒಂದು ಗಲ್ಲಿಯಲ್ಲಿ ಜೀಪಿನ ಹುಡ್ ಹೊಲಿಯುವ ಕಾಕಾ ಒಬ್ಬರು ಸಿಕ್ಕರು. ನನ್ನ ಹರಕು ಮರಾಠಿ ಕೇಳಿ, ‘ಸರ, ನೀವು ಕರ್ನಾಟಕದವ್ರೇನ್ರಿ?’ ಎಂದರು. ಇಂಡಿ ತಾಲ್ಲೂಕಿನವರಂತೆ, ಪುಣೆಗೆ ಬಂದು ಮೂವತ್ತು ವರ್ಷವಾಯಿತಂತೆ. ಅಲ್ಲಿಂದ ಮುಂದೆ ಚೌಕಾಸಿ ಕನ್ನಡದಲ್ಲೇ ನಡೆಯಿತು. ಅವರೂ, ಇನ್ನಿಬ್ಬರು ಅಂಗಡಿಯವರೂ ಹೇಳಿದ ದರಗಳನ್ನು ಸೇರಿಸಿ ನಾನು ಮಾಡಿಕೊಂಡ ಪಟ್ಟಿ ಹೀಗಿತ್ತು.

ಪಾಲಿಶ್ ಹಾಕುವುದಾದರೆ ಒಂದು ಸಲಕ್ಕೆ 700 ರೂಪಾಯಿ. ಹಳೆಯ ಹಾಳೆ ಬಿಚ್ಚಿ ಹೊಸ ಹಾಳೆ ಹೊಲಿಯಲು 3,200. ಹಾಳೆಯ ಬದಲು 2 ಮಿಲಿಮೀಟರ್ ಪಾಲಿಕಾರ್ಬೊನೇಟ್ ಕೂರಿಸಲು 5,500. ನಿಜವಾದ ಗಾಜು, ರಬ್ಬರ್ ಬೀಡಿಂಗ್ ಸಮೇತ, ಸುತ್ತ ಕ್ಯಾನ್ವಾಸ್ ದುಪ್ಪಟ್ಟು ಹೊಲಿದು ಕೂರಿಸಲು 12,500. ಕಿಟಕಿ ಸಮೇತ ಇಡೀ ಟಾಪ್ ಹೊಸದಾಗಿ ಹೊಲಿಯಲು 18,000. ಫೈಬರ್ ಹಾರ್ಡ್ ಟಾಪ್ ಹಾಕಿಸಲು 60,000ದ ಮೇಲೆ.

ಕೊನೆಯದನ್ನು ಮೊದಲೇ ತೆಗೆದು ಹಾಕಿದೆ. ಕಾರಣ ಬರೀ ದುಡ್ಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಹೇಳಿದೆ. ಬಟ್ಟೆಯ ಟಾಪನ್ನು ಗಟ್ಟಿ ಛಾವಣಿ ಮಾಡಿದರೆ ಬಾಡಿಯ ಬಗೆಯೇ ಬದಲಾದಂತೆ. ಆರ್‌ಟಿಒ ಒಪ್ಪಿಗೆ ಬೇಕು, ವಿಮೆಯವರಿಗೂ ತಿಳಿಸಬೇಕು. ಮೇಲಾಗಿ ಟಾಪ್ ತೆಗೆಯಲಾಗದ ಜಿಪ್ಸಿ ನನಗೆ ಬೇಕಿರಲಿಲ್ಲ.

ಪಾಲಿಶನ್ನೂ ಬಿಟ್ಟೆ. ಆರು ತಿಂಗಳಿಗೊಮ್ಮೆ 700 ಎಂದರೆ ಎರಡೂಕಾಲು ವರ್ಷದಲ್ಲಿ ಹೊಸ ಹಾಳೆಯ ದುಡ್ಡು, ಹಳದಿ ಮಾತ್ರ ಹಾಗೆಯೇ. ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಹಗುರ. ಆದರೆ ಗಟ್ಟಿ ಲೇಪನವಿಲ್ಲದ್ದಕ್ಕೆ ಗೀರು ಬೇಗ ಬೀಳುತ್ತದೆ, ಬಿಸಿಲಿಗೆ ರಕ್ಷಣೆಯಿಲ್ಲದ್ದು ಅದೂ ಹಳದಿಯಾಗುತ್ತದೆ. ಅಂಗಡಿಯಲ್ಲಿದ್ದ ಹಾಳೆಗೆ ಎರಡೂ ಇರಲಿಲ್ಲ.

ಉಳಿದದ್ದು ನೇರ ಪ್ರಶ್ನೆ: 3,200ರ ಪ್ಲಾಸ್ಟಿಕ್ಕೋ, 12,500ರ ಗಾಜೋ?

ಗಾಜಿನ ಆಸೆ

ಆಸೆ ಗಾಜಿನ ಕಡೆಗಿತ್ತು. ಅದಕ್ಕೆ ಇತಿಹಾಸದ ಬೆಂಬಲವೂ ಇದೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಎಂಬ ಪುಟ್ಟ ಜಪಾನಿ ಓಪನ್ ಕಾರಿಗೂ ಹಿಂದೆ ಇದ್ದದ್ದು ಜಿಪ್ ಹಾಕಿದ ಪ್ಲಾಸ್ಟಿಕ್ ಕಿಟಕಿಯೇ. 1998ರ ಎರಡನೇ ಪೀಳಿಗೆಯಲ್ಲಿ ಅದು ಗಾಜಾಯಿತು, ಮಂಜು ಒರೆಸುವ ಬಿಸಿ ತಂತಿಗಳೂ ಬಂದವು. ಹೊಸ ಟಾಪನ್ನು ಹಳೆಯ ಕಾರಿಗೆ ಕೂರಿಸಿಕೊಂಡವರು ಎಷ್ಟೋ ಮಂದಿ. ಪೋರ್ಷೆ ಬಾಕ್‌ಸ್ಟರ್ ಕೂಡ 1996ರಲ್ಲಿ ಪ್ಲಾಸ್ಟಿಕ್ ಕಿಟಕಿಯಿಂದ ಶುರುವಾಗಿ 2003ರ ಮಾದರಿಯಲ್ಲಿ ಗಾಜಿಗೆ ಬಂತು. ಅಷ್ಟು ದುಡ್ಡಿನ ಕಾರಿಗೇ ಪ್ಲಾಸ್ಟಿಕ್ ಇತ್ತು ಎಂದರೆ ಜಿಪ್ಸಿಯದ್ದೇನು ಅವಮಾನವಲ್ಲ.

ಆದರೆ ಅಲ್ಲೊಂದು ವ್ಯತ್ಯಾಸವಿದೆ. ಆ ಕಾರುಗಳ ಟಾಪನ್ನೇ ಗಾಜಿಗೆ ತಕ್ಕಂತೆ ಹೊಸದಾಗಿ ರೂಪಿಸಲಾಗಿತ್ತು. ಚೌಕಟ್ಟು, ಮಡಿಕೆ ಬೀಳುವ ಜಾಗ, ಬಟ್ಟೆಯ ಬಿಗಿತ ಎಲ್ಲವೂ ಲೆಕ್ಕ ಹಾಕಿ ಮಾಡಿದ್ದು. ಜಿಪ್ಸಿಯ ಹಿಂಭಾಗದ ಪರದೆ ಹಾಗಲ್ಲ. ಅದು ಜಿಪ್ ಬಿಚ್ಚಿ ಸುರುಳಿ ಸುತ್ತಿ ಮೇಲಕ್ಕೆ ಕಟ್ಟಲು ಮಾಡಿದ ಬಟ್ಟೆ. 1985ರಲ್ಲಿ ಜಿಪ್ಸಿ ಬಂದಾಗಿನಿಂದ 2019ರಲ್ಲಿ ತಯಾರಿಕೆ ನಿಲ್ಲುವವರೆಗೆ ಅದರ ಸ್ವಭಾವವೇ ಅದು. ಸೈನ್ಯದವರೂ ಕಾಡಿನ ಸಫಾರಿಯವರೂ ಅದನ್ನು ಮೆಚ್ಚಿದ್ದು ಈ ಬಿಚ್ಚುವ ಕಟ್ಟುವ ಸರಳತೆಗೇ.

ತೂಕದ ಲೆಕ್ಕ ಹಾಕಿದೆ. ಕಿಟಕಿಯ ವಿಸ್ತೀರ್ಣ 0.36 ಚದರ ಮೀಟರ್. ಮುಕ್ಕಾಲು ಮಿಲಿಮೀಟರ್ ದಪ್ಪದ ಪಿವಿಸಿ ಹಾಳೆ ಸುಮಾರು 350 ಗ್ರಾಂ ತೂಗುತ್ತದೆ. ಅದೇ ಅಳತೆಯ 4 ಮಿಲಿಮೀಟರ್ ಗಾಜು 3.6 ಕಿಲೋ. ಹತ್ತು ಪಟ್ಟು! ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಟ್ಟೆಗೆ ಮೂರೂವರೆ ಕಿಲೋ ನೇತು ಹಾಕಿದರೆ ಭಾರವೆಲ್ಲ ಬೀಳುವುದು ಹೊಲಿಗೆಯ ಸಾಲಿನ ಮೇಲೆ. ನಾನು ಇದನ್ನು ಕಾಗದದ ಮೇಲೆ ಬರೆದು ತೋರಿಸುವ ಮೊದಲೇ ಕಾಕಾ ಹೇಳಿಬಿಟ್ಟರು: ‘ಕಾಚ ಹಾಕಿ ಕೊಡ್ತೀನ್ರಿ ಸರ, ನನಗೇನ್ ರೊಕ್ಕ ಬರ್ತದ. ಆದ್ರ ಅರಿವಿ ತಡಿಯಂಗಿಲ್ರಿ. ಕಾಚ ಗಟ್ಟಿ ಇರ್ತದ, ಅರಿವಿ ಹರಿದಿರ್ತದ.’

ಇನ್ನೊಂದು ವಿಷಯ ಗಾಜಿನ ಜಾತಿಯದು. ಮನೆಯ ಕಿಟಕಿಗೆ ಹಾಕುವ ಸಾದಾ ಗಾಜನ್ನು ಕತ್ತರಿಸಿ ಕೂರಿಸಿದರೆ ಅಗ್ಗ. ಒಬ್ಬ ಅಂಗಡಿಯವನು ಅದನ್ನೇ 7,000ಕ್ಕೆ ಮಾಡಿಕೊಡುತ್ತೇನೆ ಎಂದ. ಆದರೆ ಅಪಘಾತದಲ್ಲಿ ಸಾದಾ ಗಾಜು ಚೂರಿಯಂತೆ ಒಡೆಯುತ್ತದೆ. ಹಿಂದಿನ ಸೀಟಿನಲ್ಲಿ ಮಗು ಕೂರುವ ಗಾಡಿಗೆ ಅದನ್ನು ಹಾಕಬಾರದು. ಬೇಕಿರುವುದು ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜು. ಟಫನ್ಡ್ ಗಾಜನ್ನು ಒಮ್ಮೆ ಹದ ಮಾಡಿದ ಮೇಲೆ ಕತ್ತರಿಸಲಾಗುವುದಿಲ್ಲ. ಮೊದಲೇ ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ಆಮೇಲೆ ಕುಲುಮೆಗೆ ಕಳಿಸಬೇಕು. 12,500ರಲ್ಲಿ ದೊಡ್ಡ ಪಾಲು ಇದರದ್ದೇ.

ಹತ್ತು ವರ್ಷದ ಲೆಕ್ಕ

ಇಷ್ಟಾದರೂ ಗಾಜು ದುಬಾರಿ ಎಂದು ಸುಮ್ಮನೆ ತೀರ್ಮಾನಿಸಲು ಮನಸ್ಸಾಗಲಿಲ್ಲ. ಒಮ್ಮೆ ಹಾಕಿದರೆ ಹಳದಿಯಾಗದ ವಸ್ತು ಅದು. ಹಾಗಾಗಿ ಹತ್ತು ವರ್ಷಕ್ಕೆ ಎಕ್ಸೆಲ್ ಹಾಳೆ ಹಾಕಿದೆ.

ನನ್ನ ಕ್ಯಾನ್ವಾಸ್ ಟಾಪ್ ಹೊಲಿಸಿ ಐದು ವರ್ಷ ಆಗಿತ್ತು. ಕಾಕಾ ತಡವಿ ನೋಡಿ ‘ಇನ್ನ ಮೂರು ವರ್ಷ ಬರ್ತದ್ರಿ’ ಎಂದರು. ಬಯಲಲ್ಲಿ ನಿಲ್ಲುವ ಗಾಡಿಯ ಪ್ಲಾಸ್ಟಿಕ್ ಹಾಳೆ ಬಾಳುವುದೂ ಸುಮಾರು ಮೂರೇ ವರ್ಷವಂತೆ.

ಪ್ಲಾಸ್ಟಿಕ್ ದಾರಿ: ಈಗ 3,200. ಮೂರನೇ ವರ್ಷ ಕಿಟಕಿ ಸಮೇತ ಹೊಸ ಟಾಪಿಗೆ 18,000. ಆರನೇ ವರ್ಷ, ಒಂಬತ್ತನೇ ವರ್ಷ ಹಾಳೆಗೆ ಮತ್ತೆ 3,200ರಂತೆ 6,400. ಒಟ್ಟು 27,600.

ಗಾಜಿನ ದಾರಿ: ಈಗ 12,500. ಮೂರನೇ ವರ್ಷ ಕಿಟಕಿಯಿಲ್ಲದ ಟಾಪಿಗೆ 16,000, ಹಳೆಯ ಗಾಜನ್ನು ಅದಕ್ಕೆ ಕೂರಿಸಲು 4,500. ಒಟ್ಟು 33,000.

ವ್ಯತ್ಯಾಸ 5,400. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 45 ರೂಪಾಯಿ. ವಡಾ ಪಾವ್, ಚಹಾ ಮುಗಿಯಿತು! ಅಂದರೆ ದೀರ್ಘ ಕಾಲಕ್ಕೆ ನೋಡಿದರೆ ದುಡ್ಡು ಇಲ್ಲಿ ನಿರ್ಣಾಯಕವೇ ಅಲ್ಲ. ಈ ಉತ್ತರ ನನಗೂ ಅನಿರೀಕ್ಷಿತವಾಗಿತ್ತು.

ಆದರೆ ಈ ಲೆಕ್ಕ ನಿಂತಿರುವುದು ಗಾಡಿ ಇನ್ನೂ ಹತ್ತು ವರ್ಷ ನನ್ನ ಬಳಿ ಇರುತ್ತದೆ ಎಂಬ ಊಹೆಯ ಮೇಲೆ. ಆ ಊಹೆ ಎಷ್ಟು ಗಟ್ಟಿ? ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರುಗಳಿಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಊರು ಬಿಟ್ಟ ನಮ್ಮಂಥವರಿಗೆ ಇನ್ನೊಂದು ಖರ್ಚಿದೆ: ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟರೆ ಆ ರಾಜ್ಯದ ನಂಬರ್ ಪಡೆಯಬೇಕು. ಚಿಕ್ಕಮಗಳೂರಿನಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಕೆಎ-18 ಹೋಗಿ ಎಂಎಚ್ ಬಂದ ದಿನ ಅಪ್ಪನಿಗೆ ಫೋಟೊ ಕಳಿಸಿದೆ. ‘ನಂಬರ್ ಬದಲಾದ್ರೇನು, ಎಂಜಿನ್ ಅದೇ ಅಲ್ವಾ’ ಎಂದರು. ನನ್ನ ಗಾಡಿಯ ಮುಂದಿನ ನವೀಕರಣ 2029ಕ್ಕೆ. ಆಗ ಏನಾಗುತ್ತದೋ, ನಾನು ಪುಣೆಯಲ್ಲಿರುತ್ತೇನೋ ಬೆಂಗಳೂರಿಗೆ ಮರಳಿರುತ್ತೇನೋ ಯಾರು ಕಂಡರು? ಮೂರನೇ ವರ್ಷಕ್ಕೆ ಗಾಡಿ ಕೊಡಬೇಕಾಗಿ ಬಂದರೆ ಗಾಜಿನ ದಾರಿಯಲ್ಲಿ ಹೆಚ್ಚಿಗೆ ಹಾಕಿದ 9,300 ರೂಪಾಯಿ ಅಲ್ಲಿಗೇ ಮುಗಿಯಿತು. ಹಳೆಯ ಜಿಪ್ಸಿ ಕೊಳ್ಳುವವರು ಎಂಜಿನ್, ಚಾಸಿ ತುಕ್ಕು ನೋಡುತ್ತಾರೆ. ಕಿಟಕಿಗೆ ಬೆಲೆ ಕಟ್ಟುವವರಿಲ್ಲ.

ಬಾಳಿಕೆ ಕಡಿಮೆ ಇರುವ ವಸ್ತುವಿಗೆ ಬಾಳಿಕೆ ಹೆಚ್ಚಿರುವ ವಸ್ತುವನ್ನು ಹೊಲಿದರೆ, ಹೆಚ್ಚು ಬಾಳಿಕೆಯದ್ದರ ಆಯಸ್ಸೂ ಕಡಿಮೆಯದ್ದರಷ್ಟೇ. ನಮ್ಮ ಕೆಲಸದಲ್ಲೂ ಇದನ್ನು ದಿನಾ ನೋಡುತ್ತೇವೆ. ಮೂರು ವರ್ಷದಲ್ಲಿ ನಿಲ್ಲಿಸಲಿರುವ ಹಳೆಯ ಸಾಫ್ಟ್‌ವೇರಿಗೆ ಹೊಸ ದುಬಾರಿ ಡೇಟಾಬೇಸ್ ಜೋಡಿಸುವವರಿಲ್ಲ. ಗಾಜು ಬೇಕೆಂದರೆ ಹೊಸ ಟಾಪ್ ಹೊಲಿಸುವ ದಿನವೇ ಅದನ್ನು ಸೇರಿಸಬೇಕು, ಹಳೆಯ ಬಟ್ಟೆಗಲ್ಲ.

ಕಿಟಕಿಯಿಂದ ಮಗು ಕಾಣುತ್ತದೆಯೇ?

ಇಷ್ಟೆಲ್ಲ ಆದ ಮೇಲೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಹೆಂಡತಿ ಕೇಳಿದಳು: ‘ಗಾಜು ಹಾಕಿದರೆ ಹಿಂದೆ ನಿಂತ ಮಗು ಕಾಣುತ್ತಾ?’

ಟೇಪ್ ಹಿಡಿದು ಅಳೆದೆವು. ಡ್ರೈವರ್ ಸೀಟಿನಲ್ಲಿ ನನ್ನ ಕಣ್ಣು ನೆಲದಿಂದ 150 ಸೆಂಟಿಮೀಟರ್ ಎತ್ತರ. ಹಿಂಬಾಗಿಲಿನ ಮೇಲೆ, ಕಿಟಕಿಯ ಕೆಳ ಅಂಚು 120 ಸೆಂಟಿಮೀಟರ್. ಎರಡರ ನಡುವೆ 230 ಸೆಂಟಿಮೀಟರ್ ದೂರ. ಹೈಸ್ಕೂಲಿನ ಸಮರೂಪ ತ್ರಿಕೋನ ಸಾಕು: ಒಂದು ಮೀಟರ್ ಎತ್ತರದ ಮಗುವಿನ ತಲೆಯ ತುದಿ ಕಾಣಬೇಕಾದರೆ ಅದು ಗಾಡಿಯಿಂದ ಕನಿಷ್ಠ ಒಂದೂವರೆ ಮೀಟರ್ ಹಿಂದಿರಬೇಕು. ಅದೇ ಮಗು ಬಿದ್ದ ಚೆಂಡು ಎತ್ತಲು ಕುಕ್ಕರಗಾಲಲ್ಲಿ ಕುಳಿತು 60 ಸೆಂಟಿಮೀಟರ್ ಆಯಿತು ಎನ್ನಿ, ನಾಲ್ಕೂವರೆ ಮೀಟರ್ ಒಳಗೆ ಎಲ್ಲೇ ಇದ್ದರೂ ಕಾಣುವುದಿಲ್ಲ. ಹೊಳೆಯುವ ಗಾಜು ಹಾಕಿದರೂ ಇಲ್ಲ, ಕಿಟಕಿಯ ಜಾಗದಲ್ಲಿ ಏನೂ ಇಲ್ಲದಿದ್ದರೂ ಇಲ್ಲ. ಸ್ಪೇರ್ ಚಕ್ರ ಬೇರೆ ಅಡ್ಡ.

ಅಂದರೆ ಕಿಟಕಿಯ ಕೆಲಸ ಹಿಂದಿನ ವಾಹನವನ್ನು ತೋರಿಸುವುದು. ಹತ್ತಿರದ ಮಗುವನ್ನು ತೋರಿಸುವ ಕೆಲಸ ಅದರದ್ದಲ್ಲ. ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದೇ ಕಿಟಕಿಯಿಂದ ಬಗೆಹರಿಸಲು ಹೊರಟರೆ ದುಡ್ಡೂ ಹೋಗುತ್ತದೆ, ಅಪಾಯವೂ ಉಳಿಯುತ್ತದೆ. 2019ರ ಜುಲೈನಿಂದ ದೇಶದಲ್ಲಿ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ. ನನ್ನ ಗಾಡಿ ಆ ನಿಯಮಕ್ಕಿಂತ ಹಿರಿಯದು.

ಹಾಗಾಗಿ ಮಾಡಿದ್ದು ಇಷ್ಟು. ಹೊಸ ಪ್ಲಾಸ್ಟಿಕ್ ಹಾಳೆಗೆ 3,200. ಬಂಪರಿನ ಮೇಲೆ ರಿವರ್ಸ್ ಕ್ಯಾಮೆರಾ, ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಪರದೆ, ಕೂಲಿ ಸೇರಿ 2,800. ಗಾಳಿಯಾಡುವ ಒಂದು ಹೊದಿಕೆಗೆ 1,900. ಒಟ್ಟು 7,900. ಬರೀ ಗಾಜಿಗೆ ಹೇಳಿದ್ದ 12,500ಕ್ಕಿಂತ 4,600 ಕಡಿಮೆ. ಹೊದಿಕೆ ಯಾಕೆಂದರೆ ಹಾಳೆಯನ್ನು ಕೊಲ್ಲುವುದು ವಯಸ್ಸಲ್ಲ, ಬಿಸಿಲು. ತೋಟದ ಶೆಡ್ಡಿನಲ್ಲಿ ನಿಲ್ಲುತ್ತಿದ್ದಾಗ ಅಪ್ಪನ ಕಾಲದ ಹಾಳೆ ಎಂಟು ವರ್ಷ ಬಾಳಿತ್ತು.

ಕ್ಯಾಮೆರಾ ಹಾಕಿದ ಮೇಲೂ ಒಂದು ಹಳೆಯ ಅಭ್ಯಾಸ ಮುಂದುವರಿದಿದೆ. ರಿವರ್ಸ್ ಹಾಕುವ ಮುನ್ನ ಇಳಿದು, ಗಾಡಿಯ ಹಿಂದೆ ಒಂದು ಸುತ್ತು ಹೋಗಿ ನೋಡುವುದು. ತೋಟದಲ್ಲಿ ನಾಯಿ, ಕರು, ಕೂಲಿಯವರ ಮಕ್ಕಳು ಇರುತ್ತಾರೆಂದು ಅಪ್ಪ ಕಲಿಸಿದ್ದು. ಇದಕ್ಕೆ ಖರ್ಚಿಲ್ಲ, ಮಳೆಗಾಲದಲ್ಲಿ ಲೆನ್ಸಿಗೆ ಕೆಸರು ಸಿಡಿದರೂ ಇದು ಕೆಡುವುದಿಲ್ಲ.

ನಿಮ್ಮ ಗಾಡಿಗೆ

ಹೊರರಾಜ್ಯದಲ್ಲಿರುವ ನಮ್ಮವರಲ್ಲಿ ಬಟ್ಟೆಯ ಟಾಪಿನ ಜಿಪ್ಸಿ, ಹಳೆಯ ಥಾರ್, ಊರಿಂದ ತಂದ ಜೀಪು ಇಟ್ಟುಕೊಂಡವರು ಸಾಕಷ್ಟಿದ್ದಾರೆ. ಅವರಿಗೆ ನನ್ನ ಅನುಭವದ ಸಾರ ಇಷ್ಟೇ. ಮೊದಲು ಬಟ್ಟೆಯ ವಯಸ್ಸು ನೋಡಿ. ಅರ್ಧ ಆಯಸ್ಸು ದಾಟಿದ್ದರೆ ಗಾಜಿನ ಯೋಚನೆ ಮುಂದೂಡಿ. ಗಾಡಿ ರಾತ್ರಿ ಹಗಲು ನಿಲ್ಲುವ ಜಾಗ ನೋಡಿ. ನೆರಳು ಸಿಗುವಂತಿದ್ದರೆ ಪ್ಲಾಸ್ಟಿಕ್ಕೇ ಲಾಭ. ಮಳೆ, ಮಂಜಿನ ಘಾಟಿಯಲ್ಲಿ ದಿನಾ ಓಡಾಟವಿದ್ದು, ಟಾಪ್ ಬಿಚ್ಚುವುದೇ ಇಲ್ಲವಾದರೆ ಹೊಸ ಟಾಪಿನ ಜತೆ ಬಿಸಿ ತಂತಿಯ ಟಫನ್ಡ್ ಗಾಜು ಹಾಕಿಸಿ, ಆ ದುಡ್ಡು ವ್ಯರ್ಥವಲ್ಲ. ಹೊಸ ಹಾಳೆ ಹಾಕಿಸಿದವರು ಅದನ್ನು ಒಣಬಟ್ಟೆಯಲ್ಲಿ ಒರೆಸಬೇಡಿ, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಚ್ಚಬೇಡಿ. ಮೊದಲು ನೀರು ಸುರಿದು, ಮೆತ್ತನೆ ಹತ್ತಿ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ. ಸುರುಳಿ ಸುತ್ತುವಾಗ ನಡುವೆ ಒಂದು ಟವೆಲ್ ಇಡಿ.

ಕಾಕಾ ಹಾಳೆ ಹೊಲಿದು ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಾ, ಮೂರು ವರ್ಷಕ್ಕೆ ಹೊಸ ಟಾಪಿಗೆ ಬರುವಾಗ ಗಾಜಿನ ಮಾತು ಮತ್ತೆ ಆಡೋಣ ಎಂದರು. ಆಗ ಬಟ್ಟೆಯ ಚೌಕಟ್ಟಿಗೆ ಕಬ್ಬಿಣದ ಪಟ್ಟಿ ಕೊಟ್ಟು ಭಾರ ಹೊರಿಸುವ ಉಪಾಯ ಅವರಲ್ಲಿದೆಯಂತೆ. ಎಕ್ಸೆಲ್ ಹಾಳೆಯನ್ನು ಅಳಿಸದೆ ಇಟ್ಟಿದ್ದೇನೆ.